ಅಂಜೂರದ ಮರದ ಪ್ರಸಂಗ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಆಂಟಿ, ಆ ಕಾಲದಲ್ಲಿ ಜನ ನಿಮ್ಮನ್ನ ಮನೆಯೊಳಗೆ ಬಿಡ್ತಿದ್ರಾ?" ಬಿಡುತ್ತಿದ್ದರು. ನೀರು ಕೊಡುತ್ತಿದ್ದರು, ಚಾಪೆ ಹಾಕುತ್ತಿದ್ದರು. ಒಳಗೆ ಹೋಗುವುದು ಈ ಕೆಲಸದಲ್ಲಿ ಅಷ್ಟೇನೂ ಕಷ್ಟವಲ್ಲ. ಒಳಗೆ ಕೂತು ದೇವರು ಎಂಥವನು ಎಂದು ಹೇಳುವುದು ಕಷ್ಟ. ನಾವು ಎದ್ದು ಬಂದ ಮೇಲೆ ಆ ಮಾತು ಆ ಮನೆಯಲ್ಲಿ ಏನೇನು ಮಾಡುತ್ತದೆ ಎಂಬುದು ನಮಗೆ ಕಾಣುವುದಿಲ್ಲ. ನನಗೆ ಒಂದು ಸಲ ಕಂಡಿತು. ಅದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಸಭೆಯ, ಅಂದರೆ ನಮ್ಮ ಚರ್ಚಿನ, ಸುವಾರ್ತೆ ಸೇವಕಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಮನೆಮನೆಗೆ ನಡೆದು ಹೋಗುವುದು, ಹೆಂಗಸರಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸುವುದು, ಯೇಸುಸ್ವಾಮಿಯ ಕಥೆ ಹೇಳುವುದು, ಯಾರಾದರೂ ಬೇಡಿಕೊಂಡರೆ ಅವರಿಗಾಗಿ ಪ್ರಾರ್ಥನೆ ಮಾಡುವುದು. ಜನ ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು. ಮದುವೆಯಾಗಿ ಮೂರು ವರ್ಷಕ್ಕೆ ನನ್ನ ಯಜಮಾನರು ತೀರಿಕೊಂಡರು. ಆಮೇಲೆ ಸಭೆಯವರೇ ತರಬೇತಿ ಕೊಡಿಸಿ ಈ ಕೆಲಸಕ್ಕೆ ಹಾಕಿದರು. ಐವತ್ತರ ದಶಕ ಆಗತಾನೇ ಶುರುವಾಗಿತ್ತು. ನನಗೆ ಕೊಟ್ಟ ಜಾಗ ರಾಜಾಜಿನಗರ, ಅಲ್ಲಿಂದ ಆಚೆಗೆ ಕೆಂಗೇರಿಯವರೆಗಿನ ಹಳ್ಳಿಗಳು.

ಆಗಿನ ರಾಜಾಜಿನಗರ ಅಂದರೆ ಕೆಮ್ಮಣ್ಣು. ಕಾರ್ಖಾನೆಗಳ ಗೋಡೆ ಏಳುತ್ತಿದ್ದವು, ಕೆಲಸಗಾರರ ಸಾಲುಮನೆಗಳು ಏಳುತ್ತಿದ್ದವು. ಎರಡರ ನಡುವೆ ರಾಗಿ ಹೊಲ ಇನ್ನೂ ಉಳಿದಿತ್ತು. ಈಗಿನ ವಿಜಯನಗರದ ಕಡೆ ಹೋದರೆ ಹೊಲದ ಬದುವಿನ ಮೇಲೇ ನಡೆಯಬೇಕಿತ್ತು. ನನ್ನ ಹೆಗಲ ಚೀಲ ನೋಡಿದ ಕೂಡಲೇ ಸಾಲುಮನೆಯ ಹೆಂಗಸರು "ದಾಕು ಹಾಕೋಳು ಬಂದ್ಲು!" ಎಂದು ಕೂಗಿ ಮಕ್ಕಳನ್ನು ಒಳಗೆಳೆದುಕೊಂಡು ಬಾಗಿಲು ಹಾಕುತ್ತಿದ್ದರು. ಸಿಡುಬಿನ ಚುಚ್ಚುಮದ್ದಿನವಳೆಂದು ಭಯ. ಚೀಲದಲ್ಲಿದ್ದದ್ದು ಸುತ್ತಿಟ್ಟ ಚಿತ್ರಪಟ, ಸ್ಲೇಟು, ಬಳಪ, ದಾರದ ಉಂಡೆ. ಬಾಗಿಲ ಸಂದಿಯಿಂದ ಚಿತ್ರಪಟ ತೋರಿಸಿ, "ಸೂಜಿ ಇಲ್ಲಮ್ಮ, ನೋಡಿ, ಬರೀ ಚಿತ್ರ" ಎಂದು ನಂಬಿಸುವುದರಲ್ಲೇ ಮೊದಲ ತಿಂಗಳು ಕಳೆಯಿತು.

ಕೆಂಗೇರಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಅಲ್ಲಿ ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಹನುಮಕ್ಕ ಎಂಬ ಯಜಮಾನಿಯ ಮನೆ. ಒಕ್ಕಲು ಮನೆತನ. ಹೊಳೆಯ ಪಕ್ಕ ಗದ್ದೆ, ಮೇಲೆ ರಾಗಿ ಹೊಲ. ಗಂಡ ಇಲ್ಲ, ಒಬ್ಬನೇ ಮಗ ಚಿಕ್ಕಣ್ಣ, ಸೊಸೆ ಪುಟ್ಟತಾಯಿ. ಅಂಗಡಿಯವರು ಲೆಕ್ಕದಲ್ಲಿ ಮೋಸ ಮಾಡುತ್ತಾರೆಂದು ಸೊಸೆಗೆ ಓದು ಕಲಿಸಲು ಹನುಮಕ್ಕನೇ ನನ್ನನ್ನು ಕರೆದಳು. "ನಿಮ್ಮ ಸ್ವಾಮಿ ಕಥೆ ಬೇಕಾದ್ರೆ ಹೇಳ್ಕೋ, ಅದ್ಕೇನಂತೆ. ನಮ್ಮ ಹುಡ್ಗಿಗೆ ಅಕ್ಸರ ಮಾತ್ರ ನೆಟ್ಗೆ ಕಲ್ಸು" ಎಂದು ಮೊದಲ ದಿನವೇ ಹೇಳಿದಳು.

ನನಗೆ ಮೊದಲ ಪೆಟ್ಟು ಬಿದ್ದದ್ದು ಆ ಜಗಲಿಯ ಮೇಲೆಯೇ. ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಎಲ್ಲ ಹಾಳುಮಾಡಿ ಮನೆಗೆ ತಿರುಗಿಬಂದ ಮಗನ ಕಥೆ ಹೇಳುತ್ತಿದ್ದೆ. ತರಬೇತಿಯಲ್ಲಿ ಕಲಿತಂತೆ ಒಂದಕ್ಷರ ಬಿಡದೆ ಹೇಳಿದೆ. ಮಗ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಸಿದ ಎನ್ನುವಷ್ಟರಲ್ಲಿ ಹನುಮಕ್ಕ ಎದ್ದು ನಿಂತಳು.

"ಏನಂದೆ? ಕರು ಕೊಯ್ಸಿದ್ನಾ?"

"ಅದು... ಅವರ ದೇಶದ ಪದ್ಧತಿ ಅಮ್ಮ."

"ಥೂ! ಹಟ್ಟಿಲಿ ಹಸು ಕರು ಹಾಕಿ ಇನ್ನೂ ಎಂಟು ದಿವ್ಸ ಆಗಿಲ್ಲ, ನನ್ ಮನೆ ಜಗ್ಲಿ ಮೇಲೆ ಕುಂತ್ಕೊಂಡು ಕರು ಕೊಯ್ಯೋ ಕಥೆ ಹೇಳ್ತೀಯಾ?"

ಚೀಲ ಎತ್ತಿಕೊಂಡು ಅಂಗಳ ದಾಟಿದೆ. ಹಿಂದಿನಿಂದ ಅವಳೇ ಕರೆದಳು. ಕರುವಿನ ಸಿಟ್ಟು ಹಾಗೇ ಇದ್ದರೂ ಅವಳಿಗೆ ಇನ್ನೊಂದು ಮಾತು ಕೊರೆಯುತ್ತಿತ್ತು.

"ಅದಿರ್ಲಿ, ಮಗ ದೂರದಲ್ಲಿ ಬರೋದು ಕಂಡು ಅಪ್ಪ ಓಡ್ದ ಅಂದ್ಯಲ್ಲ. ನಿಜವಾಗ್ಲೂ ಓಡಿದ್ನಾ? ಊರ್ ಮುಂದೆ?"

"ಓಡಿದ. ಓಡಿಹೋಗಿ ತಬ್ಬಿಕೊಂಡ."

"ನಮ್ಮೂರಲ್ಲಿ ಯಾವ ಗೌಡ್ನೂ ಓಡಾಕಿಲ್ಲ ಕಣವ್ವ. ಮಗ ಸತ್ತು ಬಂದ್ರೂ ನಡ್ಕೊಂಡೇ ಹೋಯ್ತಾನೆ, ಮರ್ಯಾದೆ ಹೋಯ್ತದೆ ಅಂತ" ಎಂದು ಹನುಮಕ್ಕ ಮತ್ತೆ ಜಗಲಿಯ ಮೇಲೆ ಕೂತಳು. ಒಳಗೆ ರಾಗಿ ಬೀಸುತ್ತಿದ್ದ ಪುಟ್ಟತಾಯಿ ಬೀಸುವುದನ್ನು ನಿಲ್ಲಿಸಿದ್ದಳು. "ನಿಮ್ ದೇವ್ರು ಆ ಅಪ್ಪನ ತರವಾ, ಟೀಚರಮ್ಮ?" ಎಂದು ಒಳಗಿನಿಂದಲೇ ಕೇಳಿದಳು. ಹೌದು ಎಂದೆ. ದೇವರ ಸ್ವಭಾವದ ಬಗ್ಗೆ ನಾನು ಓದಿದ್ದು, ಪರೀಕ್ಷೆ ಬರೆದದ್ದು ಎಷ್ಟೋ ಇತ್ತು. ಆ ಹೌದಿನಷ್ಟು ಖಚಿತವಾಗಿ ಮತ್ತೇನನ್ನೂ ನಾನು ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಒಕ್ಕಲು ಮನೆಗಳಲ್ಲಿ ಆ ಕಥೆ ಹೇಳುವಾಗ ತಂದೆ ಹೋಳಿಗೆ ಮಾಡಿಸಿದ ಎಂದೇ ಹೇಳುತ್ತಿದ್ದೆ. ಇದು ಹೇಗೋ ನಮ್ಮ ಮೇಲ್ವಿಚಾರಕಿಯಾಗಿದ್ದ ಇಂಗ್ಲಿಷ್ ಮಿಸ್ಸಮ್ಮನ ಕಿವಿಗೆ ಬಿತ್ತು. ಅವರ ಕನ್ನಡ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. "ಎಸ್ತರಮ್ಮ, ಸತ್ಯವೇದದಲ್ಲಿರುವ ಕರುವನ್ನು ಹೋಳಿಗೆಯನ್ನಾಗಿ ಮಾಡುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು?" ಎಂದು ಗದರಿದರು. ನಾನು ನಡೆದದ್ದನ್ನು ಹೇಳಿದೆ. ಕೇಳುತ್ತಾ ಕೇಳುತ್ತಾ ಅವರು ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೋಗಿ, ಹೋಳಿಗೆಯೇ ಇರಲಿ. ಅಯ್ಯನವರಿಗೆ ಮಾತ್ರ ಹೇಳಬೇಡಿ" ಎಂದರು.

ಅಯ್ಯನವರು ಎಂದರೆ ನಮ್ಮ ಸಭಾಪಾಲಕರು, ಜಯಶೀಲ ಅಯ್ಯನವರು. ಎತ್ತರದ ಆಳು, ಬೆನ್ನು ಬಾಗಿದ್ದನ್ನು ನಾನು ನೋಡಿಯೇ ಇಲ್ಲ. ರಾಜಾಜಿನಗರದ ಸಾಲುಮನೆಗಳ ಹಿಂದೆ ಶೀಟು ಹೊದಿಸಿದ ಹಾಲಿನಲ್ಲಿ ನಮ್ಮ ಆರಾಧನೆ ನಡೆಯುತ್ತಿತ್ತು. ಅವರು ಬೋಧನೆಯ ಪ್ರಸಂಗಕ್ಕೆ ನಿಂತರೆ ಮಕ್ಕಳು ಕೂಡ ಅಲುಗಾಡುತ್ತಿರಲಿಲ್ಲ. ದೇವರು ಎಲ್ಲವನ್ನೂ ನೋಡುತ್ತಿದ್ದಾನೆ, ಒಂದು ದಿನ ಕೇಳುತ್ತಾನೆ, ಆಗ ಏನು ಉತ್ತರ ಕೊಡುತ್ತೀರಿ: ಯಾವ ವಾಕ್ಯ ತೆಗೆದುಕೊಂಡರೂ ಕೊನೆಗೆ ಅಲ್ಲಿಗೇ ಬರುತ್ತಿದ್ದರು.

ಅವರನ್ನು ಕಲ್ಲುಮನಸ್ಸಿನವರೆಂದು ನೀವು ತಿಳಿಯಬಾರದು. ಸಾಲುಮನೆಯಲ್ಲಿ ಯೋಸೇಫ ಎಂಬ ಫಿಟ್ಟರ್ ಇದ್ದ. ಕುಡಿತ ಬಿಡಲಿಲ್ಲವೆಂದು ಅಯ್ಯನವರು ಅವನನ್ನು ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ದೂರ ಇಟ್ಟಿದ್ದರು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಹರಡಿ ಯೋಸೇಫ ಸತ್ತ. ಹೆಣದ ಹತ್ತಿರ ಬರಲು ಅಣ್ಣತಮ್ಮಂದಿರೇ ಹೆದರಿದರು. ಅಯ್ಯನವರು ತೋಳು ಮಡಿಸಿಕೊಂಡು ಒಳಗೆ ಹೋದರು. ತಾವೇ ಮೈತೊಳೆದು, ಬಟ್ಟೆ ಸುತ್ತಿ, ಚಟ್ಟದ ಮುಂದಿನ ತುದಿಗೆ ತಾವೇ ಹೆಗಲು ಕೊಟ್ಟರು. ಹೂಳಿ ಬರುವಾಗ ನಾನು ತಡೆಯಲಾರದೆ, "ಅಯ್ಯನವರೇ, ಬದುಕಿದ್ದಾಗ ಅವನಿಗೆ ಇದರಲ್ಲಿ ಸ್ವಲ್ಪವಾದರೂ ಗೊತ್ತಾಗಿದ್ದರೆ..." ಎಂದೆ.

"ನಾನು ಬಾಯಲ್ಲಿ ಹೇಳೋದು ದೇವರ ನ್ಯಾಯ, ಎಸ್ತರಮ್ಮ. ಕೈಯಲ್ಲಿ ಮಾಡೋದು ನನ್ನ ಕರ್ತವ್ಯ. ಎರಡನ್ನೂ ಒಂದಕ್ಕೊಂದು ಕಲಸಬೇಡಿ" ಎಂದರು.

ಮನೆಗೆ ಬಂದು ಬಹಳ ಯೋಚಿಸಿದೆ. ಸೇವಕನಿಗೆ ಇಷ್ಟು ಮರುಕ ಇರುವಾಗ ಯಜಮಾನನಿಗೆ ಅದಕ್ಕಿಂತ ಕಡಿಮೆ ಇರುವುದು ಹೇಗೆ? ಇದು ನನ್ನ ಪುಟ್ಟ ಬುದ್ಧಿಗೆ ಹೊಳೆದ ಪ್ರಶ್ನೆ. ಅವರನ್ನು ಕೇಳುವ ಧೈರ್ಯ ಆಗ ಇರಲಿಲ್ಲ.

ಪುಟ್ಟತಾಯಿ ಬೇಗ ಕಲಿತಳು. ಮೊದಲು ಅಂಗಡಿ ಚೀಟಿ ಓದಿದಳು, ಆಮೇಲೆ ರೈಲ್ವೆ ಸ್ಟೇಷನ್ನಿನ ಬೋರ್ಡು, ಆಮೇಲೆ ನಾನು ಕೊಟ್ಟ ಸುವಾರ್ತೆಯ ಚಿಕ್ಕ ಪುಸ್ತಕ. ಬೆರಳಿಟ್ಟು ಗಟ್ಟಿಯಾಗಿ ಓದುವಳು. ಹನುಮಕ್ಕ ಅವರೆಕಾಯಿ ಸುಲಿಯುತ್ತಾ ಕೇಳುವಳು. ಹೊರಡುವ ಮುಂಚೆ ನಾನು, "ಪ್ರಾರ್ಥನೆಯಲ್ಲಿ ಏನಾದರೂ ಬೇಡಿಕೊಳ್ಳೋದಿದೆಯಾ?" ಎಂದು ಕೇಳುವುದು ವಾಡಿಕೆ. ಬಹಳ ದಿನ ಏನೂ ಇಲ್ಲ ಎನ್ನುತ್ತಿದ್ದ ಪುಟ್ಟತಾಯಿ ಒಂದು ದಿನ ಅತ್ತೆ ಹಟ್ಟಿಗೆ ಹೋದದ್ದನ್ನು ನೋಡಿಕೊಂಡು, "ಒಂದು ಮಗು ಕೇಳಿ ಟೀಚರಮ್ಮ" ಎಂದಳು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು.

"ನೀನೇ ಕೇಳು. ನಾನು ನಿನ್ನ ಜೊತೆಗೆ ಕೂತಿರ್ತೀನಿ" ಎಂದೆ.

"ಹೆಂಗೆ ಕೇಳೋದು? ಹರಕೆ ಏನಂತ ಕಟ್ಟೋದು?"

"ಹರಕೆ ಬೇಡ. ಮನೆಯಲ್ಲಿ ಅಪ್ಪನನ್ನ ಕೇಳೋ ಹಾಗೆ ಕೇಳು."

ಕೇಳಿದಳು. ಆಮೇಲೆ ಪ್ರತಿ ವಾರವೂ ಕೇಳುತ್ತಿದ್ದಳು.

ಆ ಮನೆಯಲ್ಲಿ ಇನ್ನೊಂದು ಎಳೆದಾಟ ನಡೆದಿತ್ತು. ಹನುಮಕ್ಕನ ತಮ್ಮನಿಗೆ ಮದುವೆಗೆ ಬಂದ ಮಗಳಿದ್ದಳು. ಚಿಕ್ಕಣ್ಣನಿಗೆ ಅವಳನ್ನು ಎರಡನೆಯದಾಗಿ ಕೊಡುತ್ತೇನೆಂದು ಅವನು ಬಂದಾಗಲೆಲ್ಲ ಹೇಳುತ್ತಿದ್ದ. ಆಗ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಚಿಕ್ಕಣ್ಣ ಅಮ್ಮನ ಮಾತು ಮೀರುವವನಲ್ಲ. ಹನುಮಕ್ಕ ಮಾತ್ರ ಒಪ್ಪಿರಲಿಲ್ಲ. "ಇನ್ನೊಂದೆರಡು ವರ್ಸ ನೋಡಾಣ. ನನ್ ಸೊಸೆ ಕಣ್ಣಲ್ಲಿ ನೀರು ಹಾಕ್ಸಿ ಯಾವ ಮೊಮ್ಮಗನ್ನ ಎತ್ಕೊಳ್ಳಿ ನಾನು?" ಎಂದು ತಮ್ಮನನ್ನು ಕಳಿಸುತ್ತಿದ್ದಳು.

ಆ ವರ್ಷ ನಮ್ಮ ಸಭೆಯ ಸುಗ್ಗಿ ಹಬ್ಬ ಬಂತು. ಬೆಳೆದವರು ಬೆಳೆಯನ್ನು, ಕೂಲಿಯವರು ಕೈಲಾದದ್ದನ್ನು ತಂದು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಹರಾಜು ಹಾಕುವ ಹಬ್ಬ. ಸುಗ್ಗಿ ಎಂದ ಕೂಡಲೇ ಹನುಮಕ್ಕನಿಗೆ ಕುತೂಹಲ. "ನಮ್ಮ ಹೊಲದ್ದೂ ಒಂದು ಇರ್ಲಿ" ಎಂದು ಅತ್ತೆ ಸೊಸೆ ಇಬ್ಬರೂ ದೊಡ್ಡ ಕುಂಬಳಕಾಯಿ ಹೊತ್ತುಕೊಂಡು ರೈಲು ಹತ್ತಿ ಬಂದರು. ಹಾಲಿನಲ್ಲಿ ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಷ್ಟು ಹೆಮ್ಮೆಯಾಗಿತ್ತು ನನಗೆ.

ಅಯ್ಯನವರು ಆ ದಿನ ಆರಿಸಿಕೊಂಡದ್ದು ಅಂಜೂರದ ಮರದ ಪ್ರಸಂಗ. ಯೇಸುಸ್ವಾಮಿ ಹಸಿದು ದಾರಿಯಲ್ಲಿ ಬರುತ್ತಿರುವಾಗ ಎಲೆ ತುಂಬಿದ ಅಂಜೂರದ ಮರ ಕಂಡದ್ದು, ಹತ್ತಿರ ಹೋದರೆ ಹಣ್ಣಿಲ್ಲದ್ದು, ಇನ್ನೆಂದೂ ನಿನ್ನಲ್ಲಿ ಯಾರೂ ಹಣ್ಣು ತಿನ್ನದಿರಲಿ ಎಂದು ಶಪಿಸಿದ್ದು, ಮರ ಬೇರುಸಹಿತ ಒಣಗಿದ್ದು. "ಎಲೆ ಇದ್ದರೆ ಸಾಲದು! ಹಸಿರಾಗಿ ನಿಂತರೆ ಸಾಲದು! ಫಲ ಎಲ್ಲಿ ಎಂದು ಆತನು ಕೇಳುತ್ತಾನೆ. ಫಲವಿಲ್ಲದ್ದನ್ನು ಆತನು ಭೂಮಿಯ ಮೇಲೆ ಉಳಿಸುವುದಿಲ್ಲ!" ಎಂದು ಮೇಜು ಗುದ್ದಿದರು. ಅಂಥ ದನಿ ಅವರಲ್ಲೂ ನಾನು ಕೇಳಿರಲಿಲ್ಲ. ನಾನು ಪುಟ್ಟತಾಯಿಯ ಕಡೆ ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಆರಾಧನೆಯ ನಡುವೆ ಹೆಂಗಸರು ಬಾಯಿ ತೆರೆಯುವ ಪದ್ಧತಿ ಇರಲಿಲ್ಲ. ಇದ್ದಿದ್ದರೂ ನಾನು ಏನು ಹೇಳುತ್ತಿದ್ದೆನೋ.

ಹೊರಗೆ ಹರಾಜು ಶುರುವಾಗಿತ್ತು. ಕುಂಬಳಕಾಯಿ ಎತ್ತಿ ಹಿಡಿದು ಯಾರೋ ಕೂಗುತ್ತಿದ್ದರು, ಜನ ನಗುತ್ತಿದ್ದರು. ಹನುಮಕ್ಕ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದಳು. ಸಿಟ್ಟಿರಲಿಲ್ಲ, ಬಹಳ ದಣಿದ ಮುಖ.

"ನಾನು ನನ್ ತಮ್ಮನ್ ಜೊತೆ ಇಷ್ಟು ದಿನ ಜಗಳ ಆಡ್ದೆ ಕಣವ್ವ. ಫಲ ಬಿಡದ ಮರಕ್ಕೆ ನಿಮ್ಮ ಸ್ವಾಮಿನೇ ಹಂಗ್ ಮಾಡ್ದ ಅಂದ್ಮೇಲೆ ನಾನ್ಯಾವ ದೊಡ್ಡೋಳು?"

"ಅಮ್ಮ, ಅದು ಹೆಂಗಸರ ವಿಷಯ ಅಲ್ಲ, ಅಯ್ಯನವರು ಹೇಳಿದ್ದು ಒಳ್ಳೆ ನಡತೆಯ..."

"ಅವ್ರು ಹೇಳಿದ್ದು ನಂಗೆ ಚೆನ್ನಾಗೇ ಕೇಳಿಸ್ತು" ಎಂದು ಸೊಸೆಯ ಕೈ ಹಿಡಿದುಕೊಂಡು ಹೊರಟೇಬಿಟ್ಟಳು. ಪುಟ್ಟತಾಯಿ ಒಂದು ಸಲವೂ ತಿರುಗಿ ನೋಡಲಿಲ್ಲ.

ಮುಂದಿನ ವಾರ ಹೋದಾಗ ಬಾಗಿಲು ತೆರೆದದ್ದು ಪುಟ್ಟತಾಯಿಯೇ. ಹನುಮಕ್ಕ ತಮ್ಮನ ಊರಿಗೆ ಹೋಗಿದ್ದಳು. ಏಕೆ ಎಂದು ಕೇಳಬೇಕಾಗಿರಲಿಲ್ಲ. ಪುಟ್ಟತಾಯಿ ಸುವಾರ್ತೆಯ ಪುಸ್ತಕ ತಂದು ಒಂದು ಕಡೆ ಬೆರಳಿಟ್ಟಳು.

"ಟೀಚರಮ್ಮ, ಆ ಮರದ ಕಥೆ ಹುಡುಕಿ ಓದ್ದೆ. ಅದು ಹಣ್ಣಿನ ಕಾಲ ಅಲ್ಲ ಅಂತ ಇಲ್ಲೇ ಬರ್ದೈತಲ್ಲ?"

ನೋಡಿದೆ. ಹೌದು, ಹಾಗೆ ಇದೆ. ಎಷ್ಟೋ ಸಲ ಓದಿದ್ದ ಸಾಲು.

"ಕಾಲ ಅಲ್ದಾಗ ಹಣ್ಣು ಇಲ್ಲ ಅಂದ್ರೆ ಅದು ಮರದ ತಪ್ಪಾ? ಮಗನ್ನ ಕಂಡು ಓಡ್ದೋನು, ಮರಕ್ಕೆ ಹಿಂಗಂದೋನು, ಇಬ್ರೂ ಒಬ್ರೇನಾ?"

"ಗೊತ್ತಿಲ್ಲ ಪುಟ್ಟತಾಯಿ" ಎಂದೆ. "ಅಯ್ಯನವರನ್ನ ಕರ್ಕೊಂಡು ಬರ್ತೀನಿ. ಅವರು ಓದಿದವರು."

ಅಯ್ಯನವರು ಮೊದಲು ಒಪ್ಪಲಿಲ್ಲ. "ವೇದವಾಕ್ಯ ಇರೋ ಹಾಗೆ ಹೇಳಿದೀನಿ. ಒಬ್ಬೊಬ್ಬರ ಮನಸ್ಸಿಗೆ ತಕ್ಕ ಹಾಗೆ ಅದನ್ನ ತಿದ್ದೋಕಾಗುತ್ತಾ?" ಎಂದರು. ನಾನು ಜೋರಾಗಿ ಮಾತಾಡಿದ್ದು ಅವತ್ತೇ ಮೊದಲು. "ತಿದ್ದಬೇಡಿ ಅಯ್ಯನವರೇ. ಬಂದು ಅವಳ ಎದುರು ಕೂತು ಅದೇ ಮಾತನ್ನ ಇನ್ನೊಂದು ಸಲ ಹೇಳಿ. ಅವಳ ಮನೆ ಮುರೀತಾ ಇದೆ" ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ ಒಳಗೆ ಹೋದರು. ಸಭೆಗಳು, ಮದುವೆ, ಕಾಯಿಲೆಯವರು ಎಂದು ದಿನಗಳು ಹೋದವು. ಒಂದು ಬೆಳಗ್ಗೆ ತಾವೇ ಕೊಡೆ ಹಿಡಿದು ಬಂದು, "ಹೊರಡಿ, ಕೆಂಗೇರಿಗೆ" ಎಂದರು.

ನಾವು ಹೋಗುವ ಹೊತ್ತಿಗೆ ಎಲೆಶಾಸ್ತ್ರ ಮುಗಿದಿತ್ತು. ಚಿಕ್ಕಣ್ಣನ ಎರಡನೆಯ ಮದುವೆಗೆ ಎಲೆ ಅಡಿಕೆ ಬದಲಾಗಿ ಮಾತು ಕೊಟ್ಟಾಗಿತ್ತು. ಹನುಮಕ್ಕ ಬಾಗಿಲಲ್ಲಿ ನಿಂತು ಅಯ್ಯನವರನ್ನು ನೋಡಿ ಮಾತಾಡದೆ ಚಾಪೆ ಹಾಸಿದಳು. ಪುಟ್ಟತಾಯಿ ಕಂಬಕ್ಕೊರಗಿ ನಿಂತು, ಅಂದು ನನ್ನನ್ನು ಕೇಳಿದ್ದನ್ನೇ ಕೇಳಿದಳು. ಅಯ್ಯನವರು ತಾಳ್ಮೆಯಿಂದ ವಿವರಿಸಿದರು. ಆ ಮರ ಎಂದರೆ ಒಂದು ಜನಾಂಗ, ಹಣ್ಣು ಎಂದರೆ ನಂಬಿಕೆ, ಒಳ್ಳೆಯ ಕೆಲಸ. ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳ ಮಾತೇ ಅಲ್ಲ.

"ಅವತ್ತು ಹಂಗಂತ ಹೇಳ್ಲಿಲ್ವಲ್ಲ ಅಯ್ಯಾ" ಎಂದಳು ಪುಟ್ಟತಾಯಿ.

ಅಯ್ಯನವರು ಕೊಡೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಅಂಗಳದ ಕಡೆ ತಿರುಗಿದರು. ಆಮೇಲೆ ಆಡಿದ ಮಾತು ನಾನು ಅವರ ಬಾಯಿಂದ ಕೇಳುತ್ತೇನೆಂದು ಎಣಿಸಿರಲಿಲ್ಲ.

"ಹೇಳ್ಲಿಲ್ಲ ತಾಯಿ. ಅವತ್ತು ನಿನ್ನ ವಿಷಯ ನನ್ನ ಮನಸ್ಸಲ್ಲಿ ಇರಲೇ ಇಲ್ಲ. ಆ ಮರ ನಾನು. ಇಷ್ಟು ವರ್ಷ ಈ ಕಡೆ ದುಡಿದೆ. ಮೇಲಿನವರು ಪ್ರತಿ ಸಲವೂ ಕೇಳ್ತಾರೆ, ಎಷ್ಟು ಜನ ಸಭೆಗೆ ಸೇರಿದರು, ಫಲ ಎಲ್ಲಿ ಅಂತ. ತೋರಿಸೋಕೆ ನನ್ನ ಹತ್ತಿರ ಏನೂ ಇಲ್ಲ. ನಾಳೆ ದೇವರೂ ಅದನ್ನೇ ಕೇಳ್ತಾನೆ ಅನ್ನೋ ಭಯದಲ್ಲಿ ಮಾತಾಡಿದೆ."

"ನಿಮಗೂ ಭಯವಾ?"

"ಚಿಕ್ಕಂದಿನಿಂದ. ನಮ್ಮ ತಂದೆ ಮನೆಗೆ ಬರುವಾಗ ಅವರ ಮೆಟ್ಟಿನ ಸದ್ದು ಕೇಳಿದರೆ ಮಂಚದ ಕೆಳಗೆ ಸೇರ್ಕೊಳ್ತಿದ್ದೆ. ಈಗ ಪ್ರಾರ್ಥನೆಯಲ್ಲಿ ತಂದೆಯೇ ಅಂತ ಶುರುಮಾಡಿದರೆ ಆ ಸದ್ದೇ ಕೇಳುತ್ತೆ."

ಪುಟ್ಟತಾಯಿ ಒಳಗೆ ಹೋದಳು. ಅಳಲು ಹೋದಳೆಂದುಕೊಂಡೆ. ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದು ಅವರ ಮುಂದಿಟ್ಟು, "ಕುಡೀರಿ ಅಯ್ಯಾ, ಬಿಸ್ಲಲ್ಲಿ ಬಂದಿದೀರ" ಎಂದಳು. ಹನುಮಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಳುತ್ತಿದ್ದಳು. "ಈ ಮಾತ ಅವತ್ತೇ ಆಡ್ಬಾರ್ದಾಗಿತ್ತಾ ಸ್ವಾಮಿ? ಎಲೆ ಬದ್ಲಾಯ್ಸಿ ಬಂದಿವ್ನಿ. ಈಗ ನನ್ ತಮ್ಮನ್ ಮುಂದೆ ಏನಂತ ಹೋಗ್ಲಿ?" ಎಂದಳು. ಅಯ್ಯನವರು ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಎದ್ದರು.

ಮದುವೆ ಆಯಿತು. ಪುಟ್ಟತಾಯಿಯನ್ನು ಯಾರೂ ಹೊರಗೆ ಹಾಕಲಿಲ್ಲ. ಹನುಮಕ್ಕ ಅವಳನ್ನು ಮೊದಲಿಗಿಂತ ಹೆಚ್ಚಾಗಿ ಅಂಟಿಕೊಂಡಳು. ಆದರೂ ಹೊಸ ಸೊಸೆ ಬಸಿರಾದ ಮೇಲೆ ಪುಟ್ಟತಾಯಿ ತಾನೇ ಬಿಡದಿ ಕಡೆಯ ಅಣ್ಣನ ಮನೆಗೆ ಹೊರಟುಹೋದಳು. ನಾನು ಬೀಳ್ಕೊಡಲೂ ಆಗಲಿಲ್ಲ. ಅಷ್ಟರಲ್ಲಿ ಮಿಸ್ಸಮ್ಮ ತಮ್ಮ ದೇಶಕ್ಕೆ ಮರಳಿದ್ದರು. ಕೆಲಸವೆಲ್ಲ ಹೊಸ ಕಮಿಟಿಯ ಕೈಗೆ ಬಂದಿತ್ತು. ಕೆಂಗೇರಿ ಕಡೆ ಇಷ್ಟು ವರ್ಷ ನಡೆದರೂ ಒಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾಗಲಿಲ್ಲವೆಂದು ನನ್ನನ್ನು ಅಲ್ಲಿಂದ ತೆಗೆದು ಬೇರೆ ಕಡೆಗೆ ಹಾಕಿದರು. ಆ ಮನೆಗೆ ಮಾತ್ರ ಹೋಗಲು ಬಿಡಿ ಎಂದು ಬೇಡಿಕೊಂಡೆ. ಒಂದು ಮನೆಗಾಗಿ ರೈಲು ಖರ್ಚು ಕೊಡಲಾಗುವುದಿಲ್ಲ ಎಂದರು.

ಕೆಲಸದ ರೀತಿಯೂ ಆಮೇಲೆ ಬದಲಾಯಿತು. ಸುತ್ತಿಡುವ ಚಿತ್ರಪಟ ಹೋಗಿ ಬಟ್ಟೆಯ ಬೋರ್ಡಿನ ಮೇಲೆ ಅಂಟಿಸುವ ಬೊಂಬೆಗಳು ಬಂದವು. ಆಮೇಲೆ ಬೆಳಕಿನ ಚಿತ್ರ, ಧ್ವನಿವರ್ಧಕ. ಜಗಲಿಯ ಮೇಲೆ ಇಬ್ಬರ ಮುಂದೆ ಕೂತು ಹೇಳುತ್ತಿದ್ದದ್ದನ್ನು ಮೈದಾನದಲ್ಲಿ ನೂರಾರು ಜನರಿಗೆ ಹೇಳಿದೆವು. ಎಲ್ಲವೂ ಒಳ್ಳೆಯದೇ. ಆದರೆ ಮೈದಾನದಲ್ಲಿ ಯಾರೂ ನಡುವೆ ಎದ್ದುನಿಂತು "ಏನಂದೆ?" ಎಂದು ಕೇಳುವುದಿಲ್ಲ. ನಿಮ್ಮನ್ನು ನಿಲ್ಲಿಸಿ ಕೇಳುವವರು ಇರುವಲ್ಲಿಗೆ ಹೋಗಿ ಎಂದು ನಿಮಗೆ ಹೇಳಬೇಕೆನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ದೇವರ ಪರವಾಗಿ ಮಾತಾಡುವಾಗ ನಿಮ್ಮ ಭಯ ಯಾವುದು, ಆತನ ಮಾತು ಯಾವುದು ಎಂದು ಬೇರೆ ಮಾಡಿ ನೋಡಿಕೊಳ್ಳಿ. ನನಗೂ ಅದು ಪೂರ್ತಿ ಬಂದಿಲ್ಲ.

ಅಯ್ಯನವರು ಆಮೇಲೆ ಮೇಜು ಗುದ್ದಿದ್ದನ್ನು ನಾನು ನೋಡಲಿಲ್ಲ. ದೇವರ ಪ್ರೀತಿಯ ಮೇಲೆ ಪ್ರಸಂಗ ಮಾಡಲು ನಿಲ್ಲುತ್ತಿದ್ದರು. ಎರಡು ಮಾತಾಡಿ ಪುಸ್ತಕದ ಹಾಳೆ ತಿರುವುತ್ತಿದ್ದರು, ತಾವು ಒಳಗೆ ಹೋಗಿ ನೋಡದ ಯಾರದೋ ಮನೆಯ ವಿಷಯವನ್ನು ಹೇಳುವವರ ಹಾಗೆ. ಕಮಿಟಿಯವರಿಗೂ ಅವರಿಗೂ ಸರಿಹೋಗದೆ ಬೇಗ ನಿವೃತ್ತರಾದರು. ಸ್ವಲ್ಪ ದಿನದಲ್ಲೇ ಹಾಸಿಗೆ ಹಿಡಿದರು. ಆಸ್ಪತ್ರೆಗೆ ನೋಡಲು ಹೋದೆ. ಸೊರಗಿದ್ದರೂ ಹಾಸಿಗೆಯಲ್ಲಿ ನೆಟ್ಟಗೆ ಮಲಗಿದ್ದರು.

"ಎಸ್ತರಮ್ಮ, ದೇವರು ಫಲ ಕೇಳಿದರೆ ಏನು ತೋರಿಸಲಿ?" ಎಂದರು.

"ಯೋಸೇಫನಿಗೆ ಹೆಗಲು ಕೊಟ್ಟಿರಲ್ಲ ಅಯ್ಯನವರೇ."

ತಲೆ ಅಲ್ಲಾಡಿಸಿದರು. ಕೈ ಹಿಡಿದುಕೊಂಡೆ. ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ. ತಂದೆಯೇ ಎಂದು ಶುರುಮಾಡುವ ಹೊತ್ತಿಗೆ ಅವರ ಮೆಟ್ಟಿನ ಸದ್ದಿನ ಮಾತು ನೆನಪಾಗಿ ಬೇರೆ ಯಾವ ಹೆಸರಿನಿಂದ ಕರೆಯಲಿ ಎಂದು ಗೊತ್ತಾಗದೆ ತಡವರಿಸಿದೆ. ಎರಡು ದಿನಕ್ಕೆ ಹೋಗಿಬಿಟ್ಟರು. ಆ ಭಯ ಹೋಗಿತ್ತೆಂದು ಯಾರೂ ನನಗೆ ಹೇಳಲಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಾಗ ಬೇರೊಂದು ಕೆಲಸಕ್ಕೆ ಕೆಂಗೇರಿಗೆ ಹೋಗಿದ್ದೆ. ಮಧ್ಯಾಹ್ನ, ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಕಲ್ಲುಬೆಂಚಿನ ಆಚೆ ತುದಿಯಲ್ಲಿ ಕೂತವಳು "ಟೀಚರಮ್ಮ!" ಎಂದು ಎದ್ದು ಬಂದಳು. ಪುಟ್ಟತಾಯಿ. ಕಿವಿಯ ಹತ್ತಿರ ಕೂದಲು ನರೆತಿತ್ತು. ಹನುಮಕ್ಕನಿಗೆ ಕಾಯಿಲೆ ಎಂದು ಹೇಳಿಕಳಿಸಿದ್ದರಂತೆ. ಹತ್ತು ದಿನ ಇದ್ದು ಆರೈಕೆ ಮಾಡಿ ಅಣ್ಣನ ಮನೆಗೆ ಹೊರಟಿದ್ದಳು. ಹನುಮಕ್ಕನ ಮನೆ ತುಂಬಾ ಈಗ ಚಿಕ್ಕಣ್ಣನ ಮೂರು ಮಕ್ಕಳು, ತನ್ನನ್ನು ದೊಡ್ಡವ್ವ ಅಂತಾವೆ ಎಂದು ನಗುತ್ತಲೇ ಹೇಳಿದಳು.

"ಓದೋದು ಬಿಟ್ಯಾ?"

"ಇಲ್ಲ. ಅಣ್ಣನ ಮಕ್ಕಳಿಗೆ ಹೇಳ್ಕೊಡ್ತೀನಿ."

ಕೇಳಲೋ ಬೇಡವೋ ಎಂದು ಅನುಮಾನಿಸುತ್ತಾ, "ಪ್ರಾರ್ಥನೆ?" ಎಂದೆ.

"ಸುಮ್ನೆ ಕುಂತ್ಕೋತೀನಿ ಟೀಚರಮ್ಮ. ಒಂದೊಂದ್ಸಲ ಮಾತೂ ಆಡ್ತೀನಿ. ನನಗೆ ಅಂತ ಏನೂ ಕೇಳಲ್ಲ."

ಅವಳೇ, "ಅಯ್ಯನವ್ರು ಹೆಂಗವ್ರೆ?" ಎಂದು ಕೇಳಿದಳು. ತೀರಿಕೊಂಡರು ಎಂದೆ.

"ಹೆದರ್ಕೊಂಡೇ ಹೋದ್ರಾ?"

ಇಲ್ಲ, ಸಮಾಧಾನವಾಗಿ ಹೋದರು ಎನ್ನಬಹುದಿತ್ತು. ನಮ್ಮ ಕೆಲಸದಲ್ಲಿ ಹಾಗೆ ಹೇಳುವುದು ಬಾಯಿಪಾಠವಾಗಿರುತ್ತದೆ. ಅವಳ ಮುಂದೆ ಹಾಗೆನ್ನಲು ಬಾಯಿ ಬರಲಿಲ್ಲ.

"ಹೌದು, ಪುಟ್ಟತಾಯಿ. ಹೆದರ್ಕೊಂಡೇ ಹೋದ್ರು."

"ಅಯ್ಯೋ ಪಾಪ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಯೋಚಿಸಿ, "ನಂಗೆ ಅಂತ ಕೇಳಲ್ಲ ಅಂದೆ ನಿಜ. ಅವ್ರಿಗೋಸ್ಕರ ಕೇಳ್ತೀನಿ. ಇನ್ಮೇಲಾದ್ರೂ ಹೆದರಿಸ್ಬೇಡಪ್ಪ ಅಂತ ಕೇಳ್ತೀನಿ" ಎಂದಳು.

ಸತ್ತವರಿಗಾಗಿ ಪ್ರಾರ್ಥನೆ ಮಾಡುವ ಕ್ರಮ ನಮ್ಮ ಸಭೆಯಲ್ಲಿ ಇಲ್ಲ. ಅದು ತಪ್ಪೆಂದು ತರಬೇತಿಯಲ್ಲಿ ಕಲಿತಿದ್ದೆ, ಎಷ್ಟೋ ಮನೆಗಳಲ್ಲಿ ಹಾಗೆಂದು ಹೇಳಿಯೂ ಇದ್ದೆ. ಪುಟ್ಟತಾಯಿ ಅಲ್ಲೇ ಆ ಕಲ್ಲುಬೆಂಚಿನ ಮೇಲೆ, ಬುಟ್ಟಿಯನ್ನು ಕಾಲಿನ ಹತ್ತಿರ ಇಟ್ಟುಕೊಂಡು ಕೈಮುಗಿದಳು. ತುಟಿ ಅಲ್ಲಾಡುತ್ತಿತ್ತು. ದೂರದಲ್ಲಿ ಅವಳ ರೈಲು ಬರುವ ಸದ್ದು ಕೇಳಿಸುತ್ತಿತ್ತು. ನಾನೂ ಅವಳ ಪಕ್ಕದಲ್ಲಿ ಕಣ್ಣು ಮುಚ್ಚಿದೆ.